ಎಡೆಗೆ ಮುಂಚೆ ತೆಗೆದಿಟ್ಟದ್ದು

ಅರಕಲಗೂಡಿನ ನಮ್ಮ ಬೀದಿಯವರು ಅಪ್ಪನನ್ನು ಹೊಗಳುತ್ತಿದ್ದದ್ದು ಒಂದೇ ಮಾತಿನಲ್ಲಿ: ಸರ್ವೆ ಸಾಹೇಬರದ್ದು ಭಾರೀ ನೇಮನಿಷ್ಠೆ. ಬೆಳಗಿನ ಪ್ರಾರ್ಥನೆ ತಪ್ಪುವುದಿಲ್ಲ, ಬೀಡಿ ಮುಟ್ಟುವುದಿಲ್ಲ, ಜಮೀನು ಅಳೆಯಲು ಹೋದ ಊರಿನಲ್ಲಿ ಒಂದು ಲೋಟ ಕಾಫಿಯನ್ನೂ ಬಿಟ್ಟಿ ಕುಡಿಯುವುದಿಲ್ಲ. ಈ ಮಾತು ಕಿವಿಗೆ ಬಿದ್ದಾಗ ಅಪ್ಪ ತಲೆ ತಗ್ಗಿಸಿಕೊಂಡೇ ನಡೆಯುತ್ತಿದ್ದರು, ಆದರೆ ಅವರ ಕಿವಿಯ ತುದಿ ಕೆಂಪಾಗುತ್ತಿತ್ತು. ಸಂತೋಷವಾದಾಗ ಅವರಿಗೆ ಹಾಗಾಗುತ್ತಿತ್ತು. ತಮಾಷೆಯೆಂದರೆ, ನಮ್ಮ ಕನ್ನಡದ ವೇದಪುಸ್ತಕದಲ್ಲಿ, ಅಂದರೆ ಬೈಬಲಿನಲ್ಲಿ, ಈ ನೇಮನಿಷ್ಠೆ ಎಂಬ ಮಾತಿಗೆ ಅಷ್ಟು ಮರ್ಯಾದೆಯಿಲ್ಲ. ಮನುಷ್ಯ ದೇವರ ಮುಂದೆ ನೀತಿವಂತನಾಗುವುದು ನಂಬಿಕೆಯಿಂದ, ನೇಮನಿಷ್ಠೆಯಿಂದಲ್ಲ ಎಂದು ಪೌಲನು ತನ್ನ ಪತ್ರಗಳಲ್ಲಿ ಬಿಟ್ಟೂ ಬಿಡದೆ ಹೇಳುತ್ತಾನೆ. ಸಂಜೆಯ ಪ್ರಾರ್ಥನೆಯಲ್ಲಿ ಅಪ್ಪ ಅದನ್ನೇ ಗಟ್ಟಿಯಾಗಿ ಓದುವಾಗ ನಾನು ಬೀದಿಯವರ ಹೊಗಳಿಕೆಯನ್ನು ನೆನೆಯುತ್ತಿದ್ದೆ. ಬೀದಿಯವರು ಹೇಳುವುದೂ ನಿಜ, ಪೌಲನು ಹೇಳುವುದೂ ನಿಜ ಎಂದಾದರೆ ನಮ್ಮ ಮನೆಯವರ ಗತಿಯೇನು? ಒಂದು ದಿನ ಕೇಳಿಯೇಬಿಟ್ಟೆ.

"ಅಪ್ಪ, ನೇಮನಿಷ್ಠೆ ಇರೋರು ಪರಲೋಕಕ್ಕೆ ಹೋಗಲ್ವಾ? ಹಾಗಾದ್ರೆ ನಾವು?"

"ಅದು ಯೆಹೂದ್ಯರ ಧರ್ಮಶಾಸ್ತ್ರದ ಮಾತು ಮಗಳೇ. ಧರ್ಮಶಾಸ್ತ್ರ ಅನ್ನೋದು ಗಡಿಕಲ್ಲು ಇದ್ದ ಹಾಗೆ. ಎಲ್ಲಿಗೆ ನಿಲ್ಲಬೇಕು ಅಂತ ತೋರಿಸುತ್ತೆ, ಅಷ್ಟೆ. ಕಲ್ಲು ಯಾರಿಗೂ ಜಮೀನು ಕೊಡಲ್ಲ. ಕೊಡೋದು ದೇವರು. ತಗೊಳ್ಳೋ ಕೈ ಇದೆಯಲ್ಲ, ಅದು ನಂಬಿಕೆ."

ಇಷ್ಟು ಚೆನ್ನಾಗಿ ಅದನ್ನು ಬಿಡಿಸಿ ಹೇಳಿದವರನ್ನು ನಾನು ಆಮೇಲೆ ಯಾವ ಬೋಧಕರಲ್ಲೂ ಕಂಡಿಲ್ಲ. ಈಗ ಹಾಸನದಲ್ಲಿ ಭಾನುವಾರದ ಶಾಲೆಯ ಮಕ್ಕಳಿಗೆ ಪಾಠ ಹೇಳುವಾಗ ನಾನೂ ಅದೇ ಗಡಿಕಲ್ಲಿನ ಮಾತನ್ನು ಹೇಳುತ್ತೇನೆ. ಹೇಳಿದ ಕೂಡಲೇ ಮುಖ ಬಿಸಿಯಾಗುತ್ತದೆ. ಅಷ್ಟು ತಿಳಿದಿದ್ದವರ ಮನೆಯಲ್ಲಿ ಒಂದು ವರ್ಷ ನಡೆದದ್ದನ್ನು ನೆನೆದರೆ ಮಕ್ಕಳ ಎದುರಿಗೇ ಎದ್ದು ಹೊರಗೆ ಹೋಗಬೇಕೆನಿಸುತ್ತದೆ.

ನಾವಿದ್ದದ್ದು ಒಂದು ದೊಡ್ಡ ಮನೆಯ ಅರ್ಧ ಭಾಗದಲ್ಲಿ. ಇನ್ನರ್ಧದಲ್ಲಿ ಮನೆಯ ಒಡೆಯರಾದ ಗೌಡರ ಸಂಸಾರ. ನಡುವೆ ಒಂದು ಗೋಡೆ, ಹಿಂದೆ ಇಬ್ಬರಿಗೂ ಸೇರಿದ ಹಿತ್ತಲು, ಬಾವಿ, ಬಟ್ಟೆ ಒಗೆಯುವ ಕಲ್ಲು. ಅವರ ಕಡೆ ಕೊಟ್ಟಿಗೆ, ನಮ್ಮ ಕಡೆ ಬಚ್ಚಲ ಒಲೆಯ ಬೂದಿ ಸುರಿಯುವ ಒಂದು ಗುಂಡಿ. ನಮ್ಮ ಭಾಗದ ಒಂದೊಂದು ಕೋಣೆಗೂ ಒಂದೊಂದು ನೇಮವಿತ್ತು. ನಡುಮನೆಯಲ್ಲಿ ಸಿನಿಮಾದ ಹಾಡು ಗುನುಗುವಂತಿಲ್ಲ. ಅಡುಗೆಮನೆಯಲ್ಲಿ ಪ್ರಾರ್ಥನೆಯಾಗದೆ ತುತ್ತು ಬಾಯಿಗಿಡುವಂತಿಲ್ಲ. ಭಾನುವಾರ ಒಲೆಯ ಮೇಲೆ ಹೊಸ ಅಡುಗೆಯಿಲ್ಲ, ಶನಿವಾರದ ಸಾರನ್ನೇ ಬಿಸಿ ಮಾಡಬೇಕು. ಅಂದು ಅಂಗಡಿಯಿಂದ ಏನನ್ನೂ ಕೊಳ್ಳುವಂತಿಲ್ಲ. ಆರಾಧನೆಗೆ ಹಾಸನಕ್ಕೆ ಹೋಗುವ ಬಸ್ಸಿನ ಟಿಕೆಟ್ಟು ಮಾತ್ರ ಆ ನೇಮಕ್ಕೆ ಹೇಗೋ ಸೇರಿರಲಿಲ್ಲ. ಅಮ್ಮ ಅದನ್ನು ಹೇಳಿ ನಗುತ್ತಿದ್ದಳು, ಅಪ್ಪ ನಗುತ್ತಿರಲಿಲ್ಲ. ಅವರು ನಮ್ಮ ಚರ್ಚಿನ ಸಭೆಯ ಹಿರಿಯರಲ್ಲಿ ಒಬ್ಬರು. ಸುತ್ತ ಹತ್ತು ಜನ ನೋಡುತ್ತಿರುತ್ತಾರೆ, ನಾವು ಬೇರೆಯಾಗಿ ಬದುಕಬೇಕು ಎನ್ನುವುದು ಅವರ ಮಾತು.

ಗೌಡರ ಹೆಂಡತಿ ಸಾಕಮ್ಮನನ್ನು ನಾನೂ ತಂಗಿ ಗ್ರೇಸಿಯೂ ದೊಡ್ಡವ್ವ ಎನ್ನುತ್ತಿದ್ದೆವು. ಅಗಲ ಮುಖ, ದೊಡ್ಡ ದನಿ, ನಮ್ಮ ಅಮ್ಮ ಎಲಿಸಬೇತಳನ್ನು ಎಲ್ಸವ್ವ ಎಂದು ಕರೆಯುತ್ತ ದಿನಕ್ಕೆ ಎಷ್ಟು ಸಲ ಗೋಡೆಯ ಮೇಲಿಂದ ಇಣುಕುತ್ತಿದ್ದಳೋ. ಅವರ ಹೊಲದ ಆಲೂಗಡ್ಡೆ, ಅವರೆಕಾಯಿ ಮೊದಲು ಬರುತ್ತಿದ್ದದ್ದು ನಮ್ಮ ಮನೆಗೆ. ಅದಕ್ಕೆ ಅಪ್ಪನ ಅಡ್ಡಿಯಿರಲಿಲ್ಲ. ಅಡ್ಡಿಯಿದ್ದದ್ದು ಹಬ್ಬದ ಅಡುಗೆಗೆ. ಹಬ್ಬದ ದಿನ ದೊಡ್ಡವ್ವ ದೇವರಿಗೂ ಹಿರಿಯರಿಗೂ ಎಡೆಯಿಟ್ಟು, ಮೊದಲ ಪಾಲನ್ನು ಮುಚ್ಚಳದ ಹಿತ್ತಾಳೆ ಡಬ್ಬಿಗೆ ಹಾಕಿ ನಮಗೆ ಕಳಿಸುತ್ತಿದ್ದಳು. ವಿಗ್ರಹಕ್ಕೆ ಅರ್ಪಿಸಿದ್ದನ್ನು ನಾವು ತಿನ್ನಬಾರದು, ಆದರೆ ಕೊಟ್ಟವರ ಮನಸ್ಸನ್ನು ನೋಯಿಸಲೂಬಾರದು. ಈ ಎರಡನ್ನೂ ಕೂಡಿಸಿ ಅಪ್ಪ ಕಂಡುಕೊಂಡ ದಾರಿ ಇದು: ಡಬ್ಬಿಯನ್ನು ನಗುತ್ತ ಈಸಿಕೊಳ್ಳುವುದು, ಆಮೇಲೆ ಬೂದಿಗುಂಡಿಗೆ ಹಾಕಿ ಮೇಲೆ ಬೂದಿ ಎಳೆಯುವುದು. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅಮ್ಮ ತೊಳೆದು, ಒರೆಸಿ, ಸಕ್ಕರೆ ತುಂಬಿ ಕೊಡುತ್ತಿದ್ದಳು. ನಮ್ಮ ಕ್ರಿಸ್ಮಸ್ಸಿನ ಕರ್ಜಿಕಾಯಿಯನ್ನು ಆ ಮನೆಯವರೆಲ್ಲ ಜಗಲಿಯ ಮೇಲೆ ಕೂತು ತಿನ್ನುತ್ತಿದ್ದರು, ದೊಡ್ಡವ್ವನ ಅತ್ತೆಯೊಬ್ಬರನ್ನು ಬಿಟ್ಟು. ಆ ಅಜ್ಜಿ ಎದುರಿಗೇ ತಲೆಯಾಡಿಸಿ ಬೇಡವೆನ್ನುತ್ತಿದ್ದರು. ಅವರ ಮೇಲೆ ನಮಗೆಲ್ಲ ಸಿಟ್ಟು. ಎದುರಿಗೆ ಹೇಳುವುದು ನಮ್ಮ ಮನೆಯಲ್ಲಿ ನಡೆಯುತ್ತಿದ್ದುದಕ್ಕಿಂತ ಎಷ್ಟೋ ಮೇಲು ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಒಂದು ಗೌರಿ ಗಣೇಶನ ಹಬ್ಬಕ್ಕೆ ಎಂದಿನಂತೆ ಡಬ್ಬಿ ಬಂತು. ಅಮ್ಮನಿಗೆ ಅಂದು ತಲೆನೋವು, ಮುಚ್ಚಳವನ್ನು ಸರಿಯಾಗಿ ತೆರೆದೂ ನೋಡದೆ ಗುಂಡಿಗೆ ಬಗ್ಗಿಸಿದ್ದಳು. ಮಾರನೆಯ ದಿನ ಒಗೆಯುವ ಕಲ್ಲಿನ ಹತ್ತಿರ ಡಬ್ಬಿಯನ್ನು ಹಿಂದಿರುಗಿಸುವಾಗ ನಾನೂ ಪಕ್ಕದಲ್ಲಿದ್ದೆ.

"ಎಂಗಿತ್ತು ಎಲ್ಸವ್ವ ಕಡುಬು?"

"ಬಲೇ ಚೆನ್ನಾಗಿತ್ತು ಅಕ್ಕ. ಬೆಲ್ಲ ಹದವಾಗಿ ಬಿದ್ದಿತ್ತು. ಮಕ್ಕಳಂತೂ ಬಾಯಿ ಚಪ್ಪರಿಸ್ಕೊಂಡು ತಿಂದ್ವು."

ದೊಡ್ಡವ್ವ ಕೈಯಲ್ಲಿದ್ದ ಬಟ್ಟೆಯನ್ನು ಹಿಂಡುವುದನ್ನು ನಿಲ್ಲಿಸಿದಳು.

"ಬೆಲ್ಲವಾ? ಸಿಹೀ ಕಡುಬೆಲ್ಲ ಒಡ್ದೋದ್ವು ಅಂತ ಈ ಸತಿ ನಿಮ್ಗೆ ಖಾರದ್ನೇ ಕಳ್ಸಿದ್ನಲ್ಲವ್ವ."

ಅಮ್ಮನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ನಾನು ಬಾವಿಯ ಹಗ್ಗವನ್ನು ಹಿಡಿದುಕೊಂಡು ನೆಲ ನೋಡುತ್ತ ನಿಂತೆ. ಅಷ್ಟು ಹೊತ್ತಿಗೆ ದೊಡ್ಡವ್ವನೇ ನಕ್ಕಳು.

"ಬುಡವ್ವ, ನಂಗೇ ಮರ್ತೋಗಿರ್ಬೇಕು. ಯಾವ್ದ್ ಯಾರ್ಗೆ ಕಳುಸ್ದೆ ಅನ್ನೋದೇ ಈ ಗಲಾಟೇಲಿ ತಿಳೀದು."

ಅವಳಿಗೆ ಮರೆತಿರಲಿಲ್ಲ. ನಮ್ಮ ಮಾನ ಮುಚ್ಚಲು ಹಾಗೆಂದಳು ಎನ್ನುವುದು ನನಗೇ ಗೊತ್ತಾಯಿತೆಂದರೆ ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಅಮ್ಮ ಅಂದು ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ತಾನೇ ಗೋಡೆಯ ಹತ್ತಿರ ಹೋಗಿ ದೊಡ್ಡವ್ವನನ್ನು ಕರೆದು, ಎಡೆಯಿಟ್ಟದ್ದನ್ನು ನಮ್ಮವರು ತಿನ್ನುವಂತಿಲ್ಲ, ಹೇಳಲು ಬಾಯಿ ಬಾರದೆ ಇಷ್ಟು ದಿನ ಹೀಗೆ ನಡೆಯಿತು ಎಂದಳು. ಗುಂಡಿಯ ವಿಷಯ ಹೇಳಲಿಲ್ಲ, ಬೀದಿಯ ದನಕ್ಕೆ ಹಾಕುತ್ತಿದ್ದೆವು ಎಂದಳು. ದೊಡ್ಡವ್ವ ಬೈಯಬಹುದಿತ್ತು. ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಎಡೆ ಇಟ್ಟದ್ದಕ್ ತಾನೆ ನಿಮ್ಗೆ ದೋಸ? ನಮ್ ಕೈ ಅಡ್ಗೇಗಲ್ವಲ್ಲ?"

"ಅಯ್ಯೋ, ನಿಮ್ಮ ಕೈಗೆ ಏನು ದೋಷ ಅಕ್ಕ!"

"ಅಂಗಾದ್ರೆ ಸರಿ ಬುಡು."

ಅದು ಅಲ್ಲಿಗೆ ಮುಗಿಯಿತೆಂದುಕೊಂಡೆವು. ಯುಗಾದಿಯ ದಿನ ಬೆಳಗ್ಗೆ, ನಾವಿನ್ನೂ ಹಲ್ಲುಜ್ಜುತ್ತಿದ್ದೆವು, ದೊಡ್ಡವ್ವ ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ನಮ್ಮ ಹಿಂಬಾಗಿಲಿಗೆ ಬಂದಳು. ಸೆರಗಿನ ಅಡಿಯಲ್ಲಿ ಅದೇ ಹಿತ್ತಾಳೆ ಡಬ್ಬಿ. ಒಳಗೆ ತುಪ್ಪ ಸವರಿದ ಬಿಸಿ ಒಬ್ಬಟ್ಟು.

"ಎಡೆಗ್ ಮುಂಚೆ ತೆಗ್ದಿಟ್ಟಿದ್ದು ಎಲ್ಸವ್ವ. ಇನ್ನೂ ಯಾವ್ ದೇವ್ರೂ ನೋಡಿಲ್ಲ. ಮಕ್ಳ ಕೈಗ್ ಕೊಡು."

ಅಮ್ಮ ಡಬ್ಬಿ ಹಿಡಿದುಕೊಂಡು ಮರದಂತೆ ನಿಂತಳು. ಆ ಮನೆಯ ಕಟ್ಟುಪಾಡು ಗೋಡೆಯ ಈಚೆಗಿದ್ದ ನಮಗೂ ಗೊತ್ತಿತ್ತು. ಎಡೆಯಾಗುವ ಮುಂಚೆ ಹಬ್ಬದ ಅಡುಗೆಯನ್ನು ಯಾರೂ ಬಾಯಿಗಿಡುವಂತಿಲ್ಲ, ಉಪ್ಪು ನೋಡುವಂತೆಯೂ ಇಲ್ಲ. ಒಬ್ಬಟ್ಟಿಗಾಗಿ ಅಳುತ್ತಿದ್ದ ಮೊಮ್ಮಗುವನ್ನು ಅಜ್ಜಿ ಜಗಲಿಗೆ ಎತ್ತಿಕೊಂಡು ಹೋಗಿ ಕಾಗೆ ತೋರಿಸುತ್ತ ಕೂರುತ್ತಿದ್ದರೇ ಹೊರತು ಒಂದು ಚೂರು ಕೊಡುತ್ತಿರಲಿಲ್ಲ. ಅಮ್ಮ ಮೆಲ್ಲಗೆ ಕೇಳಿದಳು.

"ನಿಮಗೆ ಭಯ ಆಗ್ಲಿಲ್ವಾ ಅಕ್ಕ?"

"ಆಯ್ತು ಕಣವ್ವ. ಮಕ್ಳಿಗೆ ಅಂತ ಏಳ್ಕಂಡೇ ತೆಗ್ದೆ. ನಮ್ಮಮ್ಮನೂ ಎಣ್ಣೆಂಗ್ಸೇ ಅಲ್ವಾ, ತಿಳ್ಕತಾಳೆ."

ನಮ್ಮಮ್ಮ ಎಂದದ್ದು ಅವರ ಮನೆದೇವರನ್ನು. ನಂಬಿಕೆಯೆಂದರೇನು ಎಂದು ಭಾನುವಾರದ ಶಾಲೆಯಲ್ಲಿ ಮಕ್ಕಳು ಕೇಳಿದರೆ ಮೊದಲು ನನ್ನ ಬಾಯಿಗೆ ಬರುವುದು ದೊಡ್ಡವ್ವನ ಈ ಮಾತೇ. ಅದನ್ನು ನುಂಗಿಕೊಂಡು ಪುಸ್ತಕದಲ್ಲಿರುವ ಉತ್ತರ ಹೇಳುತ್ತೇನೆ. ಸಭೆಯವರು ಏನೆಂದಾರೋ ಎನ್ನುವ ಅಂಜಿಕೆ ನನಗೂ ಅಪ್ಪನಿಂದಲೇ ಬಂದಿದೆ.

ಅಪ್ಪ ಅಡುಗೆಮನೆಗೆ ಬಂದರು. ಅಮ್ಮ ನಡೆದದ್ದನ್ನೆಲ್ಲ ಹೇಳಿ, ಇದನ್ನು ಮಕ್ಕಳಿಗೆ ಕೊಡಬಹುದಲ್ಲ ಎಂದಳು. ಅವಳ ದನಿಯಲ್ಲಿ ಕೇಳುವುದಕ್ಕಿಂತ ಬೇಡುವುದೇ ಹೆಚ್ಚಾಗಿತ್ತು. ನಾನೂ ಗ್ರೇಸಿಯೂ ತುಪ್ಪದ ವಾಸನೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದೆವು. ಅಪ್ಪ ಬಹಳ ಹೊತ್ತು ಯೋಚಿಸಿದರು. ನಿಜವಾಗಿ ಯೋಚಿಸಿದರು, ಅದನ್ನು ಒಪ್ಪಬೇಕು.

"ಎಡೆ ಇಡದೇ ಇದ್ರೂ ಎಡೆಗೆ ಅಂತಲೇ ಮಾಡಿದ್ದಲ್ವಾ? ಹಿಟ್ಟು ಕಲಸುವಾಗಲೇ ಅವರ ಮನಸ್ಸಿನಲ್ಲಿ ಅದು ಅರ್ಪಣೆ ಆಗಿಹೋಗಿದೆ."

"ನಿಲ್ಲಬೇಕಾದ ಜಾಗ ಎಡೆ ಅಂತ ನೀವೇ ಅಂದಿದ್ರಿ. ಈಗ ಗಡಿಕಲ್ಲು ಕಿತ್ತು ಹಿಂದಕ್ಕೆ ನೆಡ್ತಾ ಇದೀರಿ."

ಅಮ್ಮ ಹಾಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಪ್ಪ ಬೇಡವೆಂದು ತಲೆಯಾಡಿಸಿ ನಡುಮನೆಗೆ ಹೋದರು. ಅಮ್ಮ ಒಬ್ಬಟ್ಟನ್ನು ಗುಂಡಿಗೆ ಹಾಕಿ ಬೂದಿ ಎಳೆದಳು. ಗ್ರೇಸಿ ಅತ್ತಳು. ನಾನು ಅಳಲಿಲ್ಲ. ಆಗ ನನಗೆ ಒಬ್ಬಟ್ಟು ಹೋಯಿತಲ್ಲ ಎನ್ನುವುದಕ್ಕಿಂತ, ಬಿಸಿ ಒಬ್ಬಟ್ಟಿನ ಮೇಲೆ ಬಿದ್ದ ಬೂದಿ ಒದ್ದೆಯಾಗಿ ಅಂಟಿಕೊಂಡದ್ದೇ ಕಣ್ಣಿಗೆ ಕಟ್ಟಿತ್ತು.

ಆ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಗೌಡರ ಕೊಟ್ಟಿಗೆಯಲ್ಲಿ ಎಳೆಯ ಎಮ್ಮೆಕರುವೊಂದು ಸತ್ತಿತು. ಕರುಗಳು ಸಾಯುವುದು ಹೊಸದಲ್ಲ. ಆದರೆ ಯುಗಾದಿಯ ಬೆಳಗ್ಗೆ ಸೊಸೆ ಸೆರಗಿನ ಅಡಿಯಲ್ಲಿ ಡಬ್ಬಿ ಇಟ್ಟುಕೊಂಡು ಹಿತ್ತಲು ದಾಟಿದ್ದನ್ನು ಅಜ್ಜಿ ನೋಡಿದ್ದರು. ಶನಿವಾರ ಸಂಜೆ, ಅಪ್ಪ ಮಾರನೆಯ ದಿನದ ಆರಾಧನೆಗೆ ಬೂಟಿಗೆ ಪಾಲಿಷ್ ಹಾಕುತ್ತ ಕೂತಿದ್ದರು, ಗೋಡೆಯ ಆಚೆಯಿಂದ ಅಜ್ಜಿಯ ದನಿ ಬೀದಿಗೆಲ್ಲ ಕೇಳುವಂತೆ ಬಂತು.

"ಕಿಲಸ್ತಾನ್ರ ಮಕ್ಳಿಗೆ ಎಡೆಗ್ ಮುಂಚೆ ತೆಗ್ದಿಟ್ಟೌಳಲ್ಲ ಇವ್ಳು! ಅಮ್ಮಂಗೆ ಎಂಜ್ಲು ಇಟ್ಟೌಳೆ! ಕರಾ ಓಗ್ದೆ ಇನ್ನೇನಾಯ್ತದೆ? ನಾಳೆ ಮಕ್ಳುಮರಿ ಮ್ಯಾಲ್ ಬಂದ್ರೆ ಏನ್ಲೇ ಮಾಡೀಯೆ? ಓಗ್ ತಪ್ಪುಕಾಣ್ಕೆ ಆಕ್ ಬಾ!"

ದೊಡ್ಡವ್ವನ ದನಿ ಕೇಳಿಸಲೇ ಇಲ್ಲ. ಅಷ್ಟು ದೊಡ್ಡ ದನಿಯ ಹೆಂಗಸು! ಅಪ್ಪನ ಕೈಯಲ್ಲಿದ್ದ ಬ್ರಷ್ಷು ಬೂಟಿನ ಮೇಲೆ ನಿಂತಲ್ಲೇ ನಿಂತಿತ್ತು. ಮಾರನೆಯ ಬೆಳಗ್ಗೆ ನಾವು ವೇದಪುಸ್ತಕ ಹಿಡಿದು ಬಸ್ಸಿಗೆ ಹೊರಟಾಗ ದೊಡ್ಡವ್ವ ದೇವಸ್ಥಾನದ ಕಡೆಯಿಂದ ಬರುತ್ತಿದ್ದಳು. ತಣ್ಣೀರು ಸುರಿದುಕೊಂಡ ಸೀರೆ ಮೈಗೆ ಅಂಟಿತ್ತು. ತಪ್ಪಾಯಿತೆಂದು ಬಡಿದುಕೊಂಡ ಕೆನ್ನೆ ಇನ್ನೂ ಕೆಂಪಗಿತ್ತು. ಅಪ್ಪ ಅಮ್ಮ ಇಬ್ಬರೂ ರಸ್ತೆಯ ಆಚೆ ಬದಿಗೆ ನೋಡಿದರು. ಅವಳು ನನ್ನ ಹತ್ತಿರ ನಿಂತು, ತಲೆಯ ಮೇಲೆ ಒದ್ದೆ ಕೈಯಿಟ್ಟಳು.

"ದಯಾ ಮಗಾ, ಒಬ್ಬಟ್ಟು ತಿಂದ್ರಾ?"

"ತಿಂದ್ವಿ ದೊಡ್ಡವ್ವ."

"ನೀನೂ ಗ್ರೇಸೀನೂ?"

"ಇಬ್ರೂ."

"ಅಷ್ಟ್ ಸಾಕು ಬುಡು."

ಸುಳ್ಳು ಹೇಳಬಾರದೆನ್ನುವ ಆಜ್ಞೆಯನ್ನು ನನಗೆ ಬಾಯಿಪಾಠ ಮಾಡಿಸಿದ ಅಪ್ಪ ಪಕ್ಕದಲ್ಲೇ ನಿಂತಿದ್ದರು. ತಿದ್ದಲಿಲ್ಲ. ಅವತ್ತು ಹಾಸನದಲ್ಲಿ ಕರ್ತನ ಭೋಜನವಿತ್ತು; ನೆರೆಯವರಿಗೆ ಮಾಡಿದ ತಪ್ಪನ್ನು ಸರಿಮಾಡಿಕೊಳ್ಳದವರು ಅದನ್ನು ಮುಟ್ಟಬಾರದೆಂಬುದು ನಮ್ಮಲ್ಲಿನ ನೇಮ. ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಸಾಲಾಗಿ ಎದ್ದು ಹೋದರು, ಅಮ್ಮ ಏಳಲಿಲ್ಲ. ಸಭೆಯ ಹಿರಿಯನ ಹೆಂಡತಿ ಎಲ್ಲರೆದುರು ಕೂತೇ ಇದ್ದಳು. ಆರಾಧನೆ ಮುಗಿದ ಮೇಲೆ ಅಪ್ಪ ಸಭೆಯ ಬೋಧಕರಾದ ನಮ್ಮ ಅಯ್ಯನವರನ್ನು ಮರದಡಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿ, ಅಂಥದ್ದನ್ನು ತಿನ್ನಬಹುದೇ ಎಂದು ಕೇಳಿದರು. ತಿಂದರೆ ನಾವು ದೇವರಿಗೆ ಹತ್ತಿರವಾಗುವುದೂ ಇಲ್ಲ, ಬಿಟ್ಟರೆ ದೂರವಾಗುವುದೂ ಇಲ್ಲ ಎಂದರು ಅಯ್ಯನವರು. ಆದರೂ ಹಿರಿಯರಾದ ನೀವು ತಿಂದದ್ದನ್ನು ನೋಡಿ ನಂಬಿಕೆಯಲ್ಲಿ ಬಲವಿಲ್ಲದವರು ಎಡವಿಯಾರು, ಯೋಚನೆ ಮಾಡಿ ಎಂದರು. ಅಪ್ಪನಿಗೆ ಬೇಕಾಗಿದ್ದದ್ದು ಸಿಕ್ಕಿತು. ಹಿಂದಿರುಗುವ ಬಸ್ಸು ಗೊರೂರು ದಾಟಿತು. ಆಮೇಲೆ ಅಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಯಾರೋ ಎಡವುತ್ತಾರೆ ಅಂತ ನೋಡ್ತಾ ಇದೀರಿ. ಎಡವಿದ್ದು ಸಾಕಮ್ಮಕ್ಕ ಅಲ್ವಾ? ನಮ್ಮ ಬಾಗಿಲಲ್ಲೇ ಅಲ್ವಾ?"

ಅಪ್ಪ ಟಿಕೆಟ್ಟುಗಳನ್ನು ಮಡಿಸಿ ಜೇಬಿಗಿಟ್ಟರು.

"ನೆರೆಯವರ ಹತ್ರ ಸರಿಮಾಡ್ಕೊಳ್ಳೋವರೆಗೂ ನಾನು ಕರ್ತನ ಮೇಜಿಗೆ ಹೋಗಲ್ಲ. ನೀವು ಹಿರಿಯರು, ನೀವೇ ಸರಿಮಾಡಿ."

ಅದಾದ ಮೇಲೆ ನಮ್ಮ ಮನೆಯಲ್ಲಿ ಪ್ರಾರ್ಥನೆಗಳು ಉದ್ದವಾದವು, ಮಾತು ಗಿಡ್ಡವಾಯಿತು. ಹಿತ್ತಾಳೆ ಡಬ್ಬಿ ನಮ್ಮ ಅಡುಗೆಮನೆಯ ಗೂಡಿನಲ್ಲೇ ಉಳಿಯಿತು. ಅದರಲ್ಲಿ ಏನು ತುಂಬಿ ಕೊಟ್ಟರೆ ಸರಿಹೋದೀತೆಂದು ಅಮ್ಮನಿಗೆ ತಿಳಿಯಲಿಲ್ಲ. ದೊಡ್ಡವ್ವ ಗೋಡೆಯ ಮೇಲಿಂದ ಇಣುಕುವುದು ನಿಂತಿತು. ಬಾವಿಯ ಹತ್ತಿರ ಸಿಕ್ಕರೆ ನಗುತ್ತಿದ್ದಳು, ಅಷ್ಟೆ. ಕರ್ತನ ಭೋಜನದ ಭಾನುವಾರಗಳಲ್ಲಿ ಅಮ್ಮ ಕೂತೇ ಇರುತ್ತಿದ್ದಳು. ಅಪ್ಪ ಎದ್ದು ಹೋಗಿ ತೆಗೆದುಕೊಂಡು ಬರುತ್ತಿದ್ದರು. ಅವರು ಹಿಂದಿರುಗುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ನಾನೂ ಅವರ ಮುಖವನ್ನು ನೋಡುತ್ತಿರಲಿಲ್ಲ.

ಮತ್ತೆ ಗೌರಿ ಹಬ್ಬ ಬಂತು. ಬೆಳಗಿನಿಂದ ಗೋಡೆಯ ಆಚೆ ಹಬೆಯ ವಾಸನೆ, ಗಂಟೆಯ ಸದ್ದು. ಡಬ್ಬಿ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಡಬ್ಬಿ ನಮ್ಮಲ್ಲೇ ಇತ್ತಲ್ಲ. ಅಪ್ಪ ಭಾನುವಾರದ ಬಿಳಿ ಅಂಗಿ ಹಾಕಿಕೊಂಡು ಅಡುಗೆಮನೆಗೆ ಬಂದು, ಗೂಡಿನಿಂದ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟು, ಬಾ ಎಂದರು. ಅಮ್ಮ ಸಕ್ಕರೆಯ ಪಾತ್ರೆಗೆ ಕೈಹಾಕಿದಳು. ಬೇಡ, ಹಾಗೇ ಇರಲಿ ಎಂದರು. ಹಿಂಬಾಗಿಲಿನಿಂದ ಹೋಗಲಿಲ್ಲ, ಬೀದಿಗಿಳಿದು ಗೌಡರ ಮುಂಬಾಗಿಲಿಗೆ ಹೋದೆವು. ಜಗಲಿಯ ಮೇಲೆ ಅಜ್ಜಿ ಕೂತಿದ್ದರು. ದೊಡ್ಡವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಏನ್ ಸಾ, ನೀವೇ ಬಂದ್ಬುಟ್ರಿ? ಎಲ್ಸವ್ವ ಉಸಾರಾಗೌಳಾ?"

"ಚೆನ್ನಾಗಿದಾಳೆ ಸಾಕಮ್ಮನೋರೆ. ಕಡುಬು ಮಾಡಿದೀರಲ್ಲ... ನಮಗೂ ಒಂದಿಷ್ಟು ಕೊಡಿ ಅಂತ ಕೇಳೋಕೆ ಬಂದೆ. ಮಕ್ಕಳಿಗೆ. ನನಗೂ."

ಅಪ್ಪ ಯಾರನ್ನೂ ಏನನ್ನೂ ಕೇಳಿದವರಲ್ಲ. ದೊಡ್ಡವ್ವ ಒಮ್ಮೆ ನನ್ನ ಕೈಯ ಡಬ್ಬಿ ನೋಡಿದಳು, ಒಮ್ಮೆ ಅವರ ಮುಖ ನೋಡಿದಳು.

"ಎಡೆ ಆಗೋಯ್ತಲ್ಲ ಸಾ. ಈಗ್ತಾನೆ ಆಯ್ತು. ಇದು ನೀವ್ ತಿನ್ನಂಗಿಲ್ಲ."

"ಪರವಾಗಿಲ್ಲ, ಕೊಡಿ."

"ಬ್ಯಾಡಿ ಸಾ. ನಮ್ಮಿಂದ ನಿಮ್ ನೇಮ ಕೆಡಬಾರ್ದು. ಕೆಟ್ರೆ ಎಂಗಿರ್ತದೆ ಅಂತ ನಂಗೊತ್ತದೆ."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಜಗಲಿಯ ಮೇಲಿನ ಅಜ್ಜಿ ಸೊಸೆಯ ಮಾತು ಸರಿಯೆನ್ನುವಂತೆ ತಲೆಯಾಡಿಸಿದರು. ಅಪ್ಪ ಇನ್ನೂ ಒಂದು ಸಲ ಬಾಯಿ ತೆರೆದರು.

"ಆ ಯುಗಾದಿ ಒಬ್ಬಟ್ಟಿನ ವಿಷಯ ಸಾಕಮ್ಮನೋರೆ, ಅದು..."

"ಮಕ್ಳು ತಿಂದ್ವಲ್ಲ ಸಾ. ದಯಾ ಏಳಿದ್ಲು. ಅದೊಂದ್ ಸಮಾಧಾನ ನಂಗೆ. ಇಲ್ದಿದ್ರೆ ಇಷ್ಟೆಲ್ಲಾ ಆಗಿ ಏನ್ ಬಂತು?"

ನನ್ನ ಹೆಗಲ ಮೇಲಿದ್ದ ಅಪ್ಪನ ಕೈ ಬಿಗಿಯಾಯಿತು. ಹೇಳಲು ಬಂದದ್ದನ್ನು ಅವರು ಹೇಳಲಿಲ್ಲ. ಹೇಳಿದ್ದರೆ ಅವಳಿಗಿದ್ದ ಆ ಒಂದು ಸಮಾಧಾನವೂ ಹೋಗುತ್ತಿತ್ತು. ಮುಂದೆ ನಮಗೆ ಹೊಳೆನರಸೀಪುರಕ್ಕೆ ವರ್ಗವಾಯಿತು. ದೊಡ್ಡವ್ವ ನಾವು ತಿಂದೆವೆಂದು ನಂಬಿಕೊಂಡೇ ತೀರಿಕೊಂಡಳು. ಆ ಹಬ್ಬದ ದಿನ ಅವಳು ನನ್ನ ಕೈಯಿಂದ ಡಬ್ಬಿ ಈಸಿಕೊಂಡು ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಹಿಂದಿರುಗಿದಳು. ಡಬ್ಬಿ ಭಾರವಾಗಿತ್ತು.

"ಅಬ್ಬದ್ ದಿನ ಬರೀ ಡಬ್ಬಿ ಕಳುಸ್ಬಾರ್ದು. ಅಂಗ್ಡೀ ಬೆಲ್ಲ ಸಾ, ಅಚ್ಚು ಈಗ್ತಾನೆ ಒಡ್ದೆ. ಯಾವ್ ದೇವ್ರಿಗೂ ತೋರ್ಸಿಲ್ಲ."

ಮನೆಯಲ್ಲಿ ಅಪ್ಪ ಆ ಬೆಲ್ಲವನ್ನು ಚೂರು ಮಾಡಿ ನಾಲ್ವರ ಮುಂದೆಯೂ ಇಟ್ಟರು. ಕಣ್ಣು ಮುಚ್ಚಿ, ನೀನು ಕೊಟ್ಟ ಈ ಆಹಾರಕ್ಕಾಗಿ ಎನ್ನುವ ಎಂದಿನ ಪ್ರಾರ್ಥನೆ ಶುರುಮಾಡಿದರು. ನೀನು ಕೊಟ್ಟ ಎನ್ನುವಲ್ಲಿಗೆ ದನಿ ನಿಂತಿತು. ಕಾದೆವು. ಅಮ್ಮ ಆಮೆನ್ ಎಂದಳು, ತಿಂದೆವು. ಬೆಲ್ಲ ಸಿಹಿಯಾಗಿತ್ತು. ಹಬ್ಬದ ದಿನ ಆ ಡಬ್ಬಿಯಲ್ಲಿ ಬಂದದ್ದರಲ್ಲಿ ನಾನು ತಿಂದು ರುಚಿ ಹೇಳುತ್ತಿರುವುದು ಇದೊಂದರದ್ದೇ.

ಮುಂದಿನ ಸಲ ಹಾಸನದಲ್ಲಿ ಕರ್ತನ ಭೋಜನಕ್ಕೆ ಕರೆದಾಗ ಅಮ್ಮ ಎಂದಿನಂತೆ ಹೆಂಗಸರ ಸಾಲಿನಲ್ಲಿ ಕೂತೇ ಇದ್ದಳು. ಹಿರಿಯರು ಮೊದಲು ಬರುವುದು ನಮ್ಮಲ್ಲಿ ರೂಢಿ. ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು ಗಂಡಸರ ಸಾಲಿನ ಕಡೆ ನೋಡಿದರು, ಕಾದರು, ಮತ್ತೆ ನೋಡಿದರು. ಅಪ್ಪ ಏಳಲಿಲ್ಲ.